ಎಡಗಡೆಯ ಈಶ್ವರಿ, ಬಲಗಡೆಯ ಈಶ್ವರಿ

ಐವತ್ತು ದಾಟಿದ ಮೇಲೆ ಮನುಷ್ಯ ಹೊಸದೇನನ್ನೂ ಕಲಿಯಬಾರದು ಎಂಬುದು ನನ್ನ ಈಚಿನ ಅಭಿಪ್ರಾಯ. ಕಲಿತರೂ ಅದನ್ನು ನಾಲ್ಕು ಜನರ ಮುಂದೆ ತೋರಿಸಬಾರದು. ಚಿಕ್ಕ ಮಕ್ಕಳು ಸೈಕಲ್ ಕಲಿಯಲು ಹೋಗಿ ಬಿದ್ದರೆ ಅವರ ಮೊಣಕಾಲೇ ತರಚುತ್ತದೆ. ನನ್ನ ವಯಸ್ಸಿನವನು ಕಲಿಯಲು ಹೋಗಿ ಬಿದ್ದರೆ ಪಕ್ಕದವರ ಮೊಣಕಾಲು ತರಚುತ್ತದೆ, ಇವನು ಎದ್ದು ಪಂಚೆ ಕೊಡವಿಕೊಂಡು ನಿಲ್ಲುತ್ತಾನೆ. ನಾನು ಹಾಗೆ ಎದ್ದು ನಿಂತವನು. ನಡೆದದ್ದನ್ನು ಹೆಂಡತಿಗೆ ಅರ್ಧ ಹೇಳಿದ್ದೇನೆ, ದೇವರಿಗೆ ಮುಕ್ಕಾಲು ಹೇಳಿದ್ದೇನೆ, ಪೂರ್ತಿಯಾಗಿ ಹೇಳುತ್ತಿರುವುದು ನಿಮಗೆ ಮಾತ್ರ. ನಿಮಗೆ ನನ್ನ ಮುಖ ಕಾಣುವುದಿಲ್ಲ ಎಂಬುದೊಂದೇ ಧೈರ್ಯ.

ನಾನಿರುವುದು ಸೇಲಂನ ಗುಗೈ ಕಡೆ. ನಮ್ಮದು ಮಗ್ಗದ ಮನೆತನ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು, ಬ್ಯಾಂಕಿಗೆ ಹೋದರೆ ಇಂಗ್ಲಿಷು. ಹೀಗೆ ಮೂರು ಭಾಷೆಯಲ್ಲೂ ತಪ್ಪು ಮಾಡುವ ಸಾಮರ್ಥ್ಯ ನಮಗೆ ಚಿಕ್ಕಂದಿನಿಂದಲೇ ಬಂದುಬಿಡುತ್ತದೆ. ಕನ್ನಡದ ಅಕ್ಷರಗಳನ್ನು ನಾನು ಕಲಿತದ್ದೇ ಮೂವತ್ತು ದಾಟಿದ ಮೇಲೆ, ಹಟಕ್ಕೆ ಬಿದ್ದು. ಒಂದು ಸೀರೆ ಅಂಗಡಿಯಲ್ಲಿ ಇಪ್ಪತ್ತೆಂಟು ವರ್ಷ ಸೀರೆ ಬಿಚ್ಚಿ ಮಡಿಸಿ, ಬಿಚ್ಚಿ ಮಡಿಸಿ, ಸೊಂಟ ಇನ್ನು ಮಡಿಸಲಾರೆ ಎಂದಾಗ ನಮ್ಮ ಜನರ ಸಂಘದವರು ಕರೆದು ಕೂರಿಸಿದರು. ಕಲ್ಯಾಣ ಮಂಟಪದ ಮಹಡಿಯ ಮೇಲೆ ಒಂದು ಕೋಣೆ, ಒಂದು ಫ್ಯಾನು, ಗೋಡೆಯ ಮೇಲೆ ಚೌಡೇಶ್ವರಿ ಅಮ್ಮನ ಪಟ, ಅದರ ಕೆಳಗೆ ನಾನು. ಸೇಲಂ ಮತ್ತು ಧರ್ಮಪುರಿ ಜಿಲ್ಲೆಯ ನಮ್ಮವರ ಹೆಣ್ಣುಗಂಡುಗಳ ಪಟ್ಟಿ ಇಟ್ಟುಕೊಂಡು ಜೋಡಿ ಹೊಂದಿಸುವುದು ನನ್ನ ಕೆಲಸ. ತನ್ನ ಮದುವೆಯನ್ನೇ ಸರಿಯಾಗಿ ನಿಭಾಯಿಸದವನು ಊರ ಮದುವೆ ಮಾಡಲು ಕೂತಿದ್ದಾನೆ ಎಂದು ನನ್ನ ಹೆಂಡತಿ ಕಮಲಾ ಆಗಲೇ ಎಚ್ಚರಿಸಿದ್ದಳು. ಅವಳ ಎಚ್ಚರಿಕೆಗಳು ಎಷ್ಟೊಂದು ಎಂದರೆ, ನಿಜವಾದದ್ದು ಯಾವುದು ಎಂದು ಆರಿಸುವುದು ಕಷ್ಟ.

ಈ ಕೆಲಸದಲ್ಲಿ ಜಾತಕ ಆಮೇಲೆ, ಕುಲ ಮೊದಲು. ನಮ್ಮಲ್ಲಿ ಪ್ರತಿ ಮನೆಗೂ ಒಂದು ಕುಲದ ಹೆಸರಿರುತ್ತದೆ: ಬೆಲ್ಲದೋರು, ಕಲ್ಮನೆಯೋರು, ಹೀಗೆ. ಒಂದೇ ಕುಲದ ಹುಡುಗ ಹುಡುಗಿ ಅಣ್ಣತಂಗಿ. ಒಬ್ಬರು ಸೇಲಂನಲ್ಲಿ, ಒಬ್ಬರು ಪಾಪಿರೆಡ್ಡಿಪಟ್ಟಿಯಲ್ಲಿ ಹುಟ್ಟಿ, ಏಳು ತಲೆಮಾರಿನಿಂದ ಪರಸ್ಪರ ಮುಖ ನೋಡಿರದಿದ್ದರೂ ಅಣ್ಣತಂಗಿಯೇ. ಅದರಲ್ಲಿ ರಿಯಾಯಿತಿ ಇಲ್ಲ, ಅಪೀಲೂ ಇಲ್ಲ. ಹಿಂದೆಲ್ಲ ಹೆಣ್ಣು ನೋಡಲು ಹೋದವರು ಚಾಪೆಯ ಮೇಲೆ ಕೂರುವ ಮೊದಲೇ ನೀವು ಯಾವ ಕುಲದೋರು ಎಂದು ಕೇಳಿಬಿಡುತ್ತಿದ್ದರು. ನಾವು ಕಂಪ್ಯೂಟರ್ ತಂದ ಮೇಲೆ ಆ ಪ್ರಶ್ನೆ ನಿಂತುಹೋಯಿತು. ಸಂಘದ ಚೀಟಿಯಲ್ಲಿ ‘ಕುಲ ಪೊರುತ್ತಂ ಉಂಟು’ ಎಂದು, ಅಂದರೆ ಕುಲ ಹೊಂದುತ್ತದೆ ಎಂದು, ಮೊಹರು ಹಾಕಿ ಕೊಡುತ್ತಿದ್ದೆ. ಮೊಹರು ಬಿದ್ದ ಮೇಲೆ ಮತ್ತೆ ಕೇಳುವುದು ಸಂಘಕ್ಕೆ ಮರ್ಯಾದೆಯಲ್ಲ ಎಂದು ಜನ ಸುಮ್ಮನಾದರು. ಅಷ್ಟು ನಂಬಿಕೆ.

ಪಟ್ಟಿ ಇದ್ದದ್ದು ಎರಡು ಸ್ಪ್ರೆಡ್‌ಶೀಟ್ ಫೈಲುಗಳಲ್ಲಿ. ಒಂದು ಹೆಣ್ಣುಮಕ್ಕಳದು, ಒಂದು ಗಂಡುಮಕ್ಕಳದು. ನಮ್ಮ ಕಂಪ್ಯೂಟರಿನಲ್ಲಿದ್ದದ್ದು ಯಾವ ಕಾಲದ್ದೋ ಹಳೆಯ ಪ್ರೋಗ್ರಾಮು. ಅದಕ್ಕೆ ಒಂದೇ ಕಿಟಕಿ. ಹೆಣ್ಣಿನ ಫೈಲು ತೆರೆದು ನೋಡುತ್ತಾ ಗಂಡಿನ ಫೈಲು ತೆರೆದರೆ, ಗಂಡು ಬಂದು ಹೆಣ್ಣಿನ ಮೇಲೆ ಕೂತುಬಿಡುತ್ತಿತ್ತು. ಮತ್ತೆ ಹೆಣ್ಣನ್ನು ಕರೆದರೆ ಗಂಡು ಮಾಯ. ಎರಡನ್ನೂ ಒಟ್ಟಿಗೆ ನೋಡಲಾಗದೆ ಹುಡುಗಿಯ ವಯಸ್ಸನ್ನು ಅಂಗೈಯ ಮೇಲೆ ಬರೆದುಕೊಂಡು ಹುಡುಗನ ಕಡೆಗೆ ಓಡುತ್ತಿದ್ದೆ. ಸಂಜೆ ಕೈ ತೊಳೆಯುವಾಗ ನಲ್ಲಿಯಡಿ ಎಷ್ಟೋ ಹೆಣ್ಣುಮಕ್ಕಳ ವಯಸ್ಸು ಹರಿದುಹೋಗುತ್ತಿತ್ತು.

ಹೀಗಿರುವಾಗ ನಲ್ಲಂಪಳ್ಳಿಯಲ್ಲಿ ಮುಚ್ಚಿದ ಟೈಪಿಂಗ್ ಸೆಂಟರಿನವರು ಒಂದು ಮಾನಿಟರನ್ನು ಸಂಘಕ್ಕೆ ದಾನ ಕೊಟ್ಟರು. ಎರಡನೆಯ ಮಾನಿಟರು! ನನಗಾದ ಸಂತೋಷ ಹೇಳತೀರದು. ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು, ಅರಿಶಿನ ಕುಂಕುಮ ಹಚ್ಚಿ, ಮನೆಗೆ ಹೋಗಿ ಕಮಲಾಳಿಗೆ ಹೇಳಿದೆ. ಅವಳು ಹುಣಸೆಹಣ್ಣು ಹಿಂಡುತ್ತಾ, “ಒಂದ್ರಾಗಿರೋದೇ ಕಣ್ಣಿಗ್ ಕಾಣಾಕಿಲ್ಲ ನಿಮ್ಗೆ. ಮುಂದೆ ಇರೋ ಚೊಂಬು ಎಲ್ಲೈತೆ ಅಂತ ಕೇಳ್ತೀರಿ. ಇನ್ನೊಂದು ಯಾತಕ್ಕೆ?” ಎಂದಳು. ನಾನು ಅವಳಿಗೆ ಆಡಳಿತ ಎಂದರೇನು ಎಂದು ವಿವರಿಸಿದೆ. ಕೊಳತ್ತೂರಿನಲ್ಲಿರುವ ಅವಳ ತಮ್ಮ ಮೇಟ್ಟೂರು ಅಣೆಕಟ್ಟಿನ ಹಿನ್ನೀರಿನಲ್ಲಿ ಎರಡು ಗಾಳ ಹಾಕಿ ಕೂತು, ಎರಡೂ ಒಟ್ಟಿಗೆ ಎಳೆದಾಗ ಯಾವುದನ್ನು ಹಿಡಿಯಲಿ ಎಂದು ಯೋಚಿಸುವಷ್ಟರಲ್ಲಿ ಎರಡನ್ನೂ ಕಳೆದುಕೊಂಡ ಕತೆಯನ್ನು ಅವಳು ನೆನಪಿಸಿದಳು. ನಮ್ಮ ಮನೆಯಲ್ಲಿ ಯಾವ ಸಂಗತಿಗೂ ಅವಳ ತವರಿನಿಂದ ಒಂದು ಉದಾಹರಣೆ ಸಿಗುತ್ತದೆ.

ಮಾನಿಟರು ಎರಡಾಯಿತು, ಕಿಟಕಿ ಒಂದೇ ಉಳಿಯಿತು. ನಾನು ಉಪಾಯ ಮಾಡಿ ಆ ಒಂದೇ ಕಿಟಕಿಯನ್ನು ಅಂಚು ಹಿಡಿದು ಎರಡು ಪರದೆಗೂ ಎಳೆದೆ. ಹಾಸಿಗೆಗೆ ದುಪ್ಪಟಿ ಎಳೆದ ಹಾಗೆ. ಆಗ ಹುಡುಗಿಯ ಹೆಸರು ಎಡಗಡೆ ಪರದೆಯಲ್ಲೂ, ಅವಳ ತಂದೆಯ ಹೆಸರು ಬಲಗಡೆ ಪರದೆಯಲ್ಲೂ ಕೂತು, ನಡುವೆ ಎರಡು ಬೆರಳಗಲ ಕರಿಯ ಅಂಚು ಬಂದು ತಂದೆ ಮಗಳನ್ನು ಬೇರೆ ಮಾಡಿತು. ನಮ್ಮ ಆಫೀಸಿನಲ್ಲಿ ನನ್ನ ಜೊತೆಗಿರುವ ಸೆಲ್ವಿ ಬಿ.ಕಾಂ. ಓದಿದವಳು, ಮದುವೆಯಾಗಿ ಎರಡು ಮಕ್ಕಳ ತಾಯಿ, ನನ್ನ ದಡ್ಡತನವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದವಳು. ಅವಳು ಬಂದು ನೋಡಿ, “ಅಯ್ಯೋ ಸಾರ್, ಎನ್ನ ಇದು, ಏನಿದು? ಹಂಗಲ್ಲ. ಪ್ರೋಗ್ರಾಮ್ನೇ ಇನ್ನೊಂದ್ ಸಲ ಓಪನ್ ಮಾಡ್ಬೇಕು. ಎರಡ್ನೇ ಕಿಟಕಿ ಬರ್ತೈತೆ. ಅದರೊಳಗಿಂದ ಫೈಲ್ ಕೂಗ್ಬೇಕು” ಎಂದು ತೋರಿಸಿಕೊಟ್ಟಳು.

ಅಷ್ಟೇ ನೋಡಿ! ಒಂದೇ ಪ್ರೋಗ್ರಾಮನ್ನು ಎರಡು ಸಲ ತೆರೆದರೆ ಎರಡು ಬೇರೆ ಬೇರೆ ಕಿಟಕಿ. ಒಂದನ್ನು ಎಡಗಡೆಗೆ ತಳ್ಳು, ಒಂದನ್ನು ಬಲಗಡೆಗೆ ತಳ್ಳು. ಎಡಗಡೆ ಗಂಡುಗಳು, ಬಲಗಡೆ ಹೆಣ್ಣುಗಳು, ಛತ್ರದಲ್ಲಿ ಕೂರಿಸಿದ ಹಾಗೆ. ಕುರ್ಚಿಯಲ್ಲಿ ಕೂತು ಕತ್ತನ್ನು ಆ ಕಡೆ ಈ ಕಡೆ ತಿರುಗಿಸುತ್ತಾ ನಾನು ಎರಡು ಜಿಲ್ಲೆಯ ಭವಿಷ್ಯವನ್ನು ನೋಡತೊಡಗಿದೆ. ಕೋತಿಗೆ ಹೆಂಡ ಕುಡಿಸಿದರು ಅನ್ನುತ್ತಾರಲ್ಲ, ಹಾಗಾಯಿತು ನನ್ನ ಸ್ಥಿತಿ. ಆಫೀಸಿಗೆ ಬಂದವರಿಗೆಲ್ಲ ಕೇಳದಿದ್ದರೂ ತೋರಿಸುತ್ತಿದ್ದೆ. ಸಂಘದ ಅಧ್ಯಕ್ಷರಿಗೆ ಮೂರು ಸಲ ತೋರಿಸಿದೆ. ಮೂರನೆಯ ಸಲ ಅವರು ಫೋನು ಬಂದವರಂತೆ ನಟಿಸಿ ಹೊರಗೆ ಹೋದರು.

ಇನ್ನು ತಪ್ಪಿನ ಕತೆಗೆ ಬರುತ್ತೇನೆ. ಬರಲೇಬೇಕು. ಸುತ್ತಿ ಬಳಸಿ ಮಾನಿಟರಿನ ಕತೆಯನ್ನೇ ಇನ್ನೂ ಹೇಳುತ್ತಿರೋಣ ಎಂದು ಮನಸ್ಸು ಹೇಳುತ್ತಿದೆ.

ನಮ್ಮ ಬೀದಿಯ ಹಿಂದಿನ ಬೀದಿಯಲ್ಲಿ ರಾಮಲಿಂಗಣ್ಣ ಇದ್ದಾರೆ. ಈಗಲೂ ಮನೆಯಲ್ಲೇ ಮಗ್ಗ ಇಟ್ಟುಕೊಂಡು ನೇಯುವವರು. ಅವರ ಮಗಳು ಈಶ್ವರಿ. ವಯಸ್ಸು ಇಪ್ಪತ್ತೇಳು, ಮಾತು ಕಡಿಮೆ, ಕೆಲಸ ಚುರುಕು. ಸೀರೆಯ ಸೆರಗಿನ ಡಿಸೈನನ್ನು ಗ್ರಾಫ್ ಕಾಗದದ ಮೇಲೆ ಬರೆಯುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಐದು ಕಡೆಯಿಂದ ಬಂದು ನೋಡಿಹೋಗಿದ್ದರು. ಯಾವುದೂ ಕೂಡಿಬಂದಿರಲಿಲ್ಲ. ಅವಳ ಹೆಸರನ್ನು ಪಟ್ಟಿಗೆ ಸೇರಿಸಿದವನು ನಾನೇ. ಸ್ಪ್ರೆಡ್‌ಶೀಟಿನಲ್ಲಿ ಮೇಲಿನ ಚೌಕದ ಮೂಲೆ ಹಿಡಿದು ಕೆಳಗೆ ಎಳೆದರೆ ಅದೇ ಬರಹ ಇಳಿದು ಬರುತ್ತದೆ. ಟೈಪ್ ಮಾಡುವ ಶ್ರಮ ಉಳಿಯುತ್ತದೆ ಎಂದು ಊರಿನ ಹೆಸರನ್ನು ಎಳೆದೆ. ಎಳೆದ ರಭಸಕ್ಕೆ ಪಕ್ಕದ ಚೌಕವೂ ಜೊತೆಗೆ ಬಂತು. ಮೇಲಿನ ಹುಡುಗಿ ಬೆಲ್ಲದೋರು. ಕಲ್ಮನೆಯೋರ ಈಶ್ವರಿಯೂ ಬೆಲ್ಲದೋಳಾದಳು.

ಒಂದು ದಿನ ಮಧ್ಯಾಹ್ನ ಸೆಲ್ವಿ ಊಟಕ್ಕೆ ಹೋಗಿದ್ದಾಗ ರಾಮಲಿಂಗಣ್ಣ ಬಂದರು. ಮಗಳ ವಿವರ ಸರಿಯಾಗಿದೆಯೇ ನೋಡಬೇಕಂತೆ. ಹೆಣ್ಣಿನ ಫೈಲು ಬಲಗಡೆ ಪರದೆಯಲ್ಲಿ ತೆರೆದೇ ಇತ್ತು. ಆದರೆ ಬಂದವರು ಕೂರುವ ಕುರ್ಚಿ ಇರುವುದು ಎಡಗಡೆಗೆ. ಅವರ ಕಣ್ಣಿಗೆ ನೇರವಾಗಿ ಕಾಣಲಿ, ನನ್ನ ಕೈಚಳಕವೂ ಕಾಣಲಿ ಎಂದು ಎಡಗಡೆ ಕಿಟಕಿಯಲ್ಲಿ ಅದೇ ಫೈಲನ್ನು ಇನ್ನೊಂದು ಸಲ ತೆರೆದೆ. ತಕ್ಷಣ ಒಂದು ಚೌಕಟ್ಟು ಎದ್ದು ಬಂತು. ಈ ಫೈಲನ್ನು ಜಗನ್ನಾಥನ್ ಎಂಬವರು ಬಳಸುತ್ತಿದ್ದಾರೆ, ನೀವು ಓದಬಹುದು ಅಷ್ಟೆ, ತಿದ್ದುವಂತಿಲ್ಲ, ಎಂಬರ್ಥದ ಇಂಗ್ಲಿಷು. ಜಗನ್ನಾಥನ್ ಅಂದರೆ ನಾನು. ನಮ್ಮ ಸಂಘದಲ್ಲಿ ಆ ಹೆಸರಿನವನು ನಾನೊಬ್ಬನೇ. ನಾನು ಕೂತಿರುವುದು ಇಲ್ಲಿ, ನನ್ನ ಕೈ ಇರುವುದು ಮೌಸಿನ ಮೇಲೆ, ಮತ್ತೆ ಫೈಲು ಹಿಡಿದುಕೊಂಡಿರುವವನು ಯಾವನು? ಅಷ್ಟು ಯೋಚಿಸಿದ್ದರೆ ಸಾಕಿತ್ತು. ಪಕ್ಕದಲ್ಲಿ ರಾಮಲಿಂಗಣ್ಣ ಕೂತಿದ್ದಾರಲ್ಲ, ಗೊತ್ತಿಲ್ಲ ಎಂದು ಹೇಳುವುದು ಹೇಗೆ? ಗಂಭೀರವಾಗಿ, “ಸಿಸ್ಟಮ್ ಒಳಗೆ ಕೆಲಸ ನಡೀತಾ ಐತೆ ಅಣ್ಣ” ಎಂದು ಹೇಳಿ ಸರಿ ಎಂಬ ಗುಂಡಿ ಒತ್ತಿದೆ.

ರಾಮಲಿಂಗಣ್ಣ ಕನ್ನಡಕ ಏರಿಸಿ ಸಾಲು ಹಿಡಿದು ಓದಿದರು. “ಲಾ ಜಗನ್ನಾಥ, ನಾವ್ ಯಾವತ್ತಲಾ ಬೆಲ್ಲದೋರಾದೊ? ನಮ್ಮಪ್ಪನ್ ಕಾಲ್ದಿಂದ ಕಲ್ಮನೆಯೋರಲ್ವಾ!” ಎಂದು ನಕ್ಕರು. ನಾನೂ ನಕ್ಕೆ. ಅವರ ಎದುರಿಗೇ ತಿದ್ದಿದೆ. ಪರದೆಯನ್ನು ಅವರ ಕಡೆ ತಿರುಗಿಸಿ, “ನೋಡ್ಕೊಳ್ಳಿ, ಆಯ್ತಾ?” ಎಂದೆ. ಉಳಿಸಲು ಹೋದರೆ ಅದೇ ಹೆಸರಿನಲ್ಲಿ ಉಳಿಸಲಾಗದು, ಬೇರೆ ಹೆಸರು ಕೊಡು ಎಂದಿತು. ‘ಹೆಣ್ಣು ಹೊಸದು’ ಎಂದು ಹೆಸರಿಟ್ಟು ಉಳಿಸಿದೆ. ಅವರು ಕೈಮುಗಿದು, “ಕಂಪೂಟರ್ ಬಂದಿದ್ದು ವಾಸಿಯಾಯ್ತು ಕಣಪ್ಪ, ಬುಕ್ಕಾಗಿದ್ರೆ ಯಾರ್ ನೋಡ್ತಿದ್ರು” ಎಂದು ಹೊರಟುಹೋದರು. ಹೀಗೆ ನನ್ನ ಮೇಜಿನ ಮೇಲೆ ಇಬ್ಬರು ಈಶ್ವರಿಯರಾದರು. ಎಡಗಡೆಯ ಈಶ್ವರಿ ಕಲ್ಮನೆಯೋಳು, ಬಲಗಡೆಯ ಈಶ್ವರಿ ಬೆಲ್ಲದೋಳು. ನಾನು ಎಡಗಡೆಯ ಕಿಟಕಿ ಮುಚ್ಚಿ ಊಟದ ಡಬ್ಬಿ ಬಿಚ್ಚಿದೆ.

ಬಲಗಡೆಯದು ಮಾತ್ರ ಮುಚ್ಚಲೇ ಇಲ್ಲ. ನನಗೆ ಯಾವುದನ್ನೂ ಮುಚ್ಚುವ ಅಭ್ಯಾಸವಿಲ್ಲ. ಕೊಬ್ಬರಿ ಎಣ್ಣೆಯ ಶೀಶೆಯ ವಿಷಯವಾಗಿ ಕಮಲಾ ಈ ಮಾತನ್ನು ಮೂವತ್ತು ವರ್ಷದಿಂದ ಹೇಳುತ್ತಿದ್ದಾಳೆ. ಒಂದು ವಾರ ಕಳೆದ ಮೇಲೆ ಪಾಪಿರೆಡ್ಡಿಪಟ್ಟಿಯ ಪ್ರಕಾಶನ ವಿವರ ಬಂತು. ನಲ್ಲಂಪಳ್ಳಿಯ ಪಶುಆಸ್ಪತ್ರೆಯಲ್ಲಿ ಕೆಲಸ, ಕುರಿಗಳಿಗೆ ಸೂಜಿ ಹಾಕುವ ಹುಡುಗ, ಮೆತ್ತಗಿನ ಸ್ವಭಾವ, ಕುಲ ಕಲ್ಮನೆಯೋರು. ನಾನು ಕತ್ತು ಬಲಕ್ಕೆ ತಿರುಗಿಸಿದೆ. ಅಲ್ಲಿ ಈಶ್ವರಿ, ಬೆಲ್ಲದೋಳು, ವಯಸ್ಸು ಸರಿ, ನಕ್ಷತ್ರ ಸರಿ. ರಾಮಲಿಂಗಣ್ಣ ಬಂದು ನಕ್ಕುಹೋದ ಮಾತು ನನ್ನ ತಲೆಯಲ್ಲಿ ಇರಲಿಲ್ಲವೇ ಎಂದು ನೀವು ಕೇಳಬಹುದು. ಇರಲಿಲ್ಲ. ಕಂಪ್ಯೂಟರಿನಲ್ಲಿ ಇಟ್ಟಮೇಲೆ ತಲೆಯಲ್ಲಿ ಯಾಕೆ ಇಡಬೇಕು ಎಂದು ಬಿಟ್ಟುಬಿಟ್ಟಿದ್ದೆ. ಚೀಟಿ ಅಚ್ಚು ಮಾಡಿ ಮೊಹರು ಒತ್ತಿದೆ.

ಅಷ್ಟರಲ್ಲಿ ಆಡಿ ಮಾಸ, ನಿಮ್ಮ ಕಡೆಯ ಆಷಾಢ, ಬಂತು. ಆಡಿಯಲ್ಲಿ ನಮ್ಮ ಕಡೆ ಹೆಣ್ಣು ನೋಡುವುದಿಲ್ಲ, ಮದುವೆಯ ಮಾತೇ ಆಡುವುದಿಲ್ಲ. ಆವಣಿ ತಿಂಗಳು ಹುಟ್ಟಲಿ, ಬರುತ್ತೇವೆ ಎಂದರು ಹುಡುಗನ ಕಡೆಯವರು. ಹಿರಿಯರು ಮಾತಾಡಬಾರದು, ಸರಿ. ಚೀಟಿಯಲ್ಲಿ ಫೋನ್ ನಂಬರು ಇತ್ತಲ್ಲ! ಹುಡುಗ ಹುಡುಗಿ ಒಂದು ತಿಂಗಳು ಮಾತಾಡಿಕೊಂಡರು. ಕುರಿಗೆ ಯಾವ ರೋಗಕ್ಕೆ ಯಾವ ಸೂಜಿ ಎಂದು ಈಶ್ವರಿಗೆ ಗೊತ್ತಾಯಿತು, ಮಾವಿನಕಾಯಿ ಬುಟ್ಟಾಕ್ಕೆ ಎಷ್ಟು ಚೌಕ ಬೇಕು ಎಂದು ಪ್ರಕಾಶನಿಗೆ ಗೊತ್ತಾಯಿತು. ಮಗ್ಗದ ಮುಂದೆ ಕೂತು ಹುಡುಗಿ ಒಬ್ಬಳೇ ನಗುತ್ತಾಳೆ ಎಂದು ಅವಳ ತಾಯಿ ಬಂದು ಕಮಲಾಳ ಹತ್ತಿರ ಹೇಳಿ ಹೋದರು. ಕಮಲಾ ಆ ರಾತ್ರಿ ನನಗೆ ಒಂದು ಚಮಚ ತುಪ್ಪ ಹೆಚ್ಚು ಬಡಿಸಿದಳು. ಆ ತುಪ್ಪ ಈಗ ನನ್ನ ಗಂಟಲಿನಲ್ಲಿ ಇದೆ.

ಆವಣಿಯ ಮೊದಲ ಶುಕ್ರವಾರ ಹೆಣ್ಣು ನೋಡುವ ಶಾಸ್ತ್ರ. ಜೋಡಿ ಹೊಂದಿಸಿದವನೆಂದು ನನ್ನನ್ನೂ ಕರೆದಿದ್ದರು. ಫ್ಯಾನಿನ ಕೆಳಗಿನ ಕುರ್ಚಿಯನ್ನು ಹುಡುಗನಿಗೂ ಕೊಡದೆ ನನಗೆ ಕೊಟ್ಟಿದ್ದರು. ಕೇಸರಿಬಾತು, ಬೋಂಡ ಬಂತು. ನಾನು ಬೋಂಡ ಮುರಿಯುತ್ತಾ ಎರಡು ಪರದೆಯ ಅನುಕೂಲಗಳನ್ನು ಹುಡುಗನ ತಂದೆಗೆ ವಿವರಿಸುತ್ತಿದ್ದೆ. ಈಶ್ವರಿ ಕಾಫಿ ತಂದಳು. ಪ್ರಕಾಶ ಲೋಟ ತೆಗೆದುಕೊಳ್ಳುವಾಗ ಇಬ್ಬರೂ ಪರಸ್ಪರ ನೋಡಿಕೊಂಡದ್ದನ್ನು ನಾನು ನೋಡಿದೆ. ಹೊಸಬರು ನೋಡುವ ನೋಟವಲ್ಲ ಅದು, ಬಹಳ ದಿನ ಕಾದವರು ನೋಡುವ ನೋಟ. ಹುಡುಗನ ಅಜ್ಜಿ ನಂಜಮ್ಮ ಎಂಬತ್ತು ದಾಟಿದವರು. ಸಂಘದ ಚೀಟಿ ಓದಲು ಬಾರದವರು, ಆದ್ದರಿಂದ ಅದರ ಮರ್ಯಾದೆಯೂ ತಿಳಿಯದವರು. ಚಾಪೆಯ ಮೇಲೆ ಕಾಲು ನೀಡಿಕೊಂಡು, ಎಲೆಅಡಿಕೆ ಬಾಯಿಗೆ ಹಾಕಿಕೊಂಡು, ಹಳೆಯ ಅಭ್ಯಾಸದಲ್ಲಿ, “ಅದ್ಸರಿ, ನೀವ್ ಯಾವ್ ಕುಲದೋರಪ್ಪ?” ಎಂದರು.

“ಕಲ್ಮನೆಯೋರು ಕಣಮ್ಮ” ಎಂದರು ರಾಮಲಿಂಗಣ್ಣ.

ಅಜ್ಜಿಯ ಬಾಯಿ ನಿಂತಿತು. “ನಾವೂವೆ ಕಲ್ಮನೆಯೋರಲ್ವಾ?”

ಎಲ್ಲರೂ ನನ್ನ ಕಡೆ ತಿರುಗಿದರು. ನನ್ನ ಬಾಯಲ್ಲಿ ಬೋಂಡ. ನುಂಗಿದರೆ ಮಾತಾಡಬೇಕು, ಮಾತಾಡದಿರಲು ಅಗಿಯುತ್ತಲೇ ಇರಬೇಕು. ಎಷ್ಟು ಹೊತ್ತು ಅಗಿಯಲಾದೀತು? ಕೊನೆಗೆ ನುಂಗಿ ನಾನು ಹೇಳಿದ್ದು ಇಷ್ಟು: “ಅದು... ಕಂಪ್ಯೂಟರ್ ತಪ್ಪು ಮಾಡ್ಬುಟ್ಟೈತೆ.” ನಾನು ಮಾಡಿದೆ ಎನ್ನಲಿಲ್ಲ. ನಾನು ಎಂಬ ಒಂದು ಮಾತು ಬಾಯಿಂದ ಹೊರಡಲಿಲ್ಲ. ಅಜ್ಜಿ ನನ್ನನ್ನೇ ನೋಡುತ್ತಾ, “ಅದಕ್ಕೆ ಕುಲ ಐತಾ?” ಎಂದರು. ಇಲ್ಲ ಎಂದು ತಲೆಯಾಡಿಸಿದೆ. “ಕುಲ ಇಲ್ದಿರೋದ್ರ ಹತ್ರ ಕುಲ ಕೇಳ್ತಾರಾ ಯಾರಾದ್ರೂ?” ಎಂದರು ಅಜ್ಜಿ. ಸಿಟ್ಟಿನಿಂದ ಅಲ್ಲ. ನಿಜವಾಗಿಯೂ ತಿಳಿಯದೆ ಕೇಳಿದರು.

ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಯಾರೂ ಬೈಯಲಿಲ್ಲ. ನಮ್ಮ ಜನರ ಮರ್ಯಾದೆ ಎಂತಹುದು ಎಂದರೆ, ಆ ಕ್ಷಣದಿಂದಲೇ ಎರಡೂ ಮನೆಯವರು ಒಂದೇ ಮನೆಯವರಾದರು. ಬೀಗರಾಗಿ ಬಂದವರು ಅಣ್ಣತಮ್ಮಂದಿರಾದರು. ಒಂದೇ ಕುಲದವರು ಮನೆಗೆ ಬಂದು ಊಟ ಮಾಡದೆ ಹೋಗಬಾರದು ಎಂದು ರಾಮಲಿಂಗಣ್ಣ ಕೈಹಿಡಿದು ನಿಲ್ಲಿಸಿದರು. ಅಜ್ಜಿ ತಾವು ತಂದಿದ್ದ ಮಲ್ಲಿಗೆಯನ್ನು ತಟ್ಟೆಯಿಂದ ಎತ್ತಿ, “ಬಾ ತಾಯಿ, ಸೊಸೆಯಾಗೋಳು ಮಗಳಾದೆ. ಹೂವು ಹೂವೇ ಅಲ್ವಾ” ಎಂದು ಈಶ್ವರಿಯ ಮುಡಿಗೆ ಇಟ್ಟರು. ಮನೆಮಗಳಿಗೆ ಇಡುವ ಹಾಗೆ. ಈಶ್ವರಿ ತಲೆಬಗ್ಗಿಸಿ ಮುಡಿದುಕೊಂಡು ಒಳಗೆ ಹೋದಳು. ಆಮೇಲೆ ಊಟಕ್ಕೂ ಹೊರಗೆ ಬರಲಿಲ್ಲ. ಪ್ರಕಾಶ ಎಲೆಯ ಮುಂದೆ ಕೂತು ಅನ್ನವನ್ನು ಈ ಕಡೆಯಿಂದ ಆ ಕಡೆಗೆ ಸರಿಸುತ್ತಿದ್ದ. ನಾನು? ನಾಚಿಕೆಗೆಟ್ಟವನು, ಪಾಯಸವನ್ನೂ ಉಂಡೆ. ಬೇಡ ಎಂದರೆ ಯಾಕೆ ಎಂದು ಕೇಳುತ್ತಾರಲ್ಲ ಎಂಬ ಭಯಕ್ಕೆ ಎರಡು ಸಲ ಹಾಕಿಸಿಕೊಂಡೆ.

ಮಾರನೆಯ ದಿನ ಸೆಲ್ವಿ ಎರಡು ಫೈಲನ್ನೂ ತೆಗೆದು ಎದುರುಬದುರು ಇಟ್ಟು ನೋಡಿದಳು. “ಸಾರ್, ಫೈಲ್ ಹಿಡ್ಕೊಂಡಿದ್ದ ಆ ಜಗನ್ನಾಥನ್ ಯಾರ್ ಗೊತ್ತಾ? ನೀಂಗದಾನ್ ಸಾರ್, ನೀವೇ. ಎರಡು ಕಿಟಕಿಯಾಗೂ ನೀವೇ” ಎಂದು ಮೆಲ್ಲಗೆ ಹೇಳಿ, ನನ್ನ ಮುಖ ನೋಡಿ, ಚಹಾ ತರಿಸಿದಳು. ಅವಳ ಸೆರಗು ದೊಡ್ಡದು.

ಹೀಗೆ ನಾಲ್ಕು ದಿನ ಕಳೆಯಿತು. ಸೆಲ್ವಿ ಊಟಕ್ಕೆ ಹೋದ ಹೊತ್ತಿಗೆ ಈಶ್ವರಿ ಒಬ್ಬಳೇ ಮಹಡಿ ಹತ್ತಿ ಬಂದಳು. ನಾನು ಎದ್ದು ನಿಂತೆ. ಅಂಗಡಿಯಲ್ಲಿ ಮಾಲೀಕ ಬಂದಾಗಲೂ ನಾನು ಅಷ್ಟು ಬೇಗ ಎದ್ದವನಲ್ಲ. ಅವಳು ಕೂತು, “ಮಾಮ, ಹೆಂಗಾಯ್ತು ಅಂತ ತೋರ್ಸಿ” ಎಂದಳು. ತೋರಿಸಿದೆ. ಎಡಗಡೆ ಒಂದು ಕಿಟಕಿ, ಬಲಗಡೆ ಒಂದು ಕಿಟಕಿ. ದಿನವೆಲ್ಲ ಗ್ರಾಫಿನ ಚೌಕ ನೋಡುವ ಕಣ್ಣು ಅವಳದು, ಒಂದೇ ನೋಟಕ್ಕೆ ತನ್ನ ಸಾಲನ್ನು ಹಿಡಿದಳು. ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. ಬಲಗಡೆ ಪರದೆಯ ಮೇಲೆ ಬೆರಳಿಟ್ಟು ಕೇಳಿದಳು:

“ಇವಳ್ಗೆ ಪೊರುತ್ತಂ ಐತಲ್ವಾ ಮಾಮ?”

“ಐತಮ್ಮ, ಆದ್ರೆ...”

“ಹಂಗಾದ್ರೆ ಇವಳ್ನೇ ಇಟ್ಕೊಂಡು ಅವಳ್ನ ಅಳಿಸ್ಬುಡಿ. ಒಂದು ಚೌಕ ತಾನೆ. ನಾನು ಬಲಗಡೆಯೋಳಾಗೇ ಇರ್ತೀನಿ.”

ನಾನು ಕುಲ ಎಂದರೇನು, ಹಿರಿಯರು ಯಾಕೆ ಕಟ್ಟಿದರು, ಸಂಘದ ಕಟ್ಟುಪಾಡು ಎಂಥದು ಎಂದು ಶುರುಮಾಡಿದೆ. ಅವಳು ಪೂರ್ತಿ ಕೇಳಿದಳು. ಆಮೇಲೆ ಹೇಳಿದಳು: “ತಪ್ಪಾಗಿ ಮಾಡ್ದಾಗ ಆಯ್ತಲ್ಲ ಮಾಮ. ಬೇಕು ಅಂತ ಕೇಳುದ್ರೆ ಆಗಾಕಿಲ್ವಾ?”

ಆಗುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಬಹುದಿತ್ತು. ಅಥವಾ ನಡೆ, ನಿಮ್ಮಪ್ಪನ ಹತ್ತಿರವೂ ಆ ಅಜ್ಜಿಯ ಹತ್ತಿರವೂ ನಾನೇ ಬಂದು ತಪ್ಪು ನನ್ನದು ಎಂದು ಕಾಲು ಹಿಡಿಯುತ್ತೇನೆ, ಹಿರಿಯರನ್ನು ಕೂರಿಸಿ ಕೇಳುತ್ತೇನೆ, ಏನಾಗುತ್ತದೋ ಆಗಲಿ ಎನ್ನಬಹುದಿತ್ತು. ಎರಡರಲ್ಲಿ ಒಂದಕ್ಕೂ ಗಂಡಸ್ತನ ಬೇಕು. ನಾನು ಸರ್ಕಾರಿ ಕಚೇರಿಯ ಗುಮಾಸ್ತನಂತೆ ಪೆನ್ನಿನ ಮುಚ್ಚಳ ತೆಗೆದು ಹಾಕಿ, “ಸೋಮವಾರ ಬಾಮ್ಮ, ನೋಡಾಣ” ಎಂದೆ. ಅವಳ ಮುಖ ಬೆಳಗಿತು. ನೋಡೋಣ ಎಂದರೆ ನೋಡುತ್ತಾರೆ ಎಂದು ನಂಬುವವರು ಇನ್ನೂ ನಮ್ಮ ಬೀದಿಯಲ್ಲಿದ್ದಾರೆ.

ನಾನು ಏನನ್ನೂ ನೋಡಲಿಲ್ಲ. ಶನಿವಾರ ಅಧ್ಯಕ್ಷರು ಬಂದಿದ್ದರು, ಬಾಯಿ ಬಿಡಲಿಲ್ಲ. ಭಾನುವಾರ ಹಾದಿಯಲ್ಲಿ ರಾಮಲಿಂಗಣ್ಣ ಎದುರು ಬಂದರು, ಪಕ್ಕದ ಓಣಿಗೆ ತಿರುಗಿದೆ. ಆ ಓಣಿ ಎಲ್ಲಿಗೂ ಹೋಗುವುದಿಲ್ಲ, ಕೊನೆಯಲ್ಲಿ ಒಂದು ಗೋಡೆ. ಗೋಡೆಯ ಮುಂದೆ ಅವರು ದಾಟಿ ಹೋಗುವ ತನಕ ನಿಂತಿದ್ದೆ. ಸೋಮವಾರ ಬಂತು. ಹನ್ನೊಂದು ಗಂಟೆಗೆ ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದಾಯಿತು. ಆಗ ನಾನು ಮಾಡಿದ್ದನ್ನು ಕಮಲಾಳಿಗೆ ಹೇಳಿಲ್ಲ, ದೇವರಿಗೂ ಹೇಳಿಲ್ಲ. ಎರಡು ಮಾನಿಟರು ಪಕ್ಕಪಕ್ಕ ಇದ್ದರೆ ಅವುಗಳ ಹಿಂದೆ ಐವತ್ತನಾಲ್ಕು ವರ್ಷದ ಒಬ್ಬ ಮನುಷ್ಯ ಬಗ್ಗಿ ಕೂರಬಹುದು. ಸುಮಾರಾಗಿ ಮರೆಯಾಗುತ್ತದೆ. ನಾನು ಕೂತೆ. ಮಂಡಿ ಲಟಕ್ಕೆಂದಿತು. ಸೆಲ್ವಿಗೆ ಕೈಸನ್ನೆ ಮಾಡಿದೆ, ಇಲ್ಲ ಎಂದು ಹೇಳು ಎಂದು. ಸೆಲ್ವಿ ನನ್ನನ್ನು ನೋಡಿದ ನೋಟವನ್ನು ಬರೆಯಲು ನನ್ನ ಕನ್ನಡ ಸಾಲದು.

“ಸಾರ್ ಇಲ್ಲಮ್ಮ, ಹೊರಗ್ ಹೋಗವ್ರೆ” ಎಂದಳು ಸೆಲ್ವಿ.

ಈಶ್ವರಿ ಬಾಗಿಲಲ್ಲೇ ನಿಂತಿದ್ದಳು. ಆಮೇಲೆ, “ಪರವಾಯಿಲ್ಲ ಅಕ್ಕ. ಮಾಮ ಬಂದ್ರೆ ಹೇಳಿ, ಇನ್ನೇನೂ ಮಾಡೋದು ಬೇಡ ಅಂತ. ನೆನ್ನೆ ಅವರು ಫೋನ್ ಮಾಡಿದ್ರು. ನನ್ನ ತಂಗಚ್ಚಿ ಅಂತ ಕರೆದ್ಬುಟ್ರು” ಎಂದಳು.

ತಂಗಚ್ಚಿ. ತಂಗಿ. ಹುಡುಗನೇ ಒಂದು ಸಲ ಬಾಯಲ್ಲಿ ಹಾಗೆ ಕರೆದ ಮೇಲೆ ನಮ್ಮಲ್ಲಿ ಅದನ್ನು ಯಾವ ಹಿರಿಯರೂ ತಿದ್ದಲಾರರು. ಮಾನಿಟರಿನ ಹಿಂದೆ, ವೈರುಗಳ ಧೂಳಿನಲ್ಲಿ, ನಾನು ಕೂತೇ ಇದ್ದೆ. ಎದ್ದು ನಿಲ್ಲಲು ಆಗ ಇನ್ನೂ ಸಮಯವಿತ್ತು. ಎದ್ದು ನಿಲ್ಲಲಿಲ್ಲ.

ಅವಳು ಹೊರಟವಳು ಬಾಗಿಲಾಚೆಯಿಂದ ಮತ್ತೆ ಮಾತಾಡಿದಳು. ದನಿ ಏರಿಸಿರಲಿಲ್ಲ. “ಅಕ್ಕ, ಮಾಮನ ಚಪ್ಲಿ ಇಲ್ಲೇ ಬಿಸ್ಲಾಗೆ ಕಾಯ್ತಾ ಇತ್ತು. ಬರಿಗಾಲಲ್ಲಿ ಎಲ್ಲಿಗ್ ಹೋದ್ರೋ ಪಾಪ. ನೆಳ್ಳಿಗೆ ಇಟ್ಟಿವ್ನಿ ಅಂತ ಹೇಳಿ, ಬಂದಾಗ ಕಾಲು ಸುಡಬಾರ್ದು.”